ಹಲ್ಲು ಕೀಳದೆ ಕಳುಹಿಸಿದ ಡಾಕ್ಟರು

ಊರವರ ಹಲ್ಲು ನೋಡುತ್ತಿದ್ದ ಆ ಡಾಕ್ಟರಿಗೇ ಮೇಲಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ಮಾತಿನ ನಡುವೆ ಆ ಸಂದಿಯಿಂದ ಸಣ್ಣ ಸಿಳ್ಳೆಯೊಂದು ಹೊರಡುತ್ತಿತ್ತು. ಬಳ್ಳಾರಿಯಲ್ಲಿ ಅವರ ದವಾಖಾನೆ ನಮ್ಮ ಓಣಿಯ ತುದಿಯಲ್ಲೇ ಇತ್ತು. ‘ಅವರ ಕೈ ನಡುಗುತ್ತಿತ್ತು, ಅದಕ್ಕೇ ಹಲ್ಲು ಕೀಳಲು ಹೆದರುತ್ತಿದ್ದರು’ ಎಂಬ ಮಾತು ಸಿರುಗುಪ್ಪದಿಂದ ಕುರುಗೋಡಿನವರೆಗೆ ಇಂದಿಗೂ ಚಾಲ್ತಿಯಲ್ಲಿದೆ. ಹೇಳುವವರಲ್ಲಿ ಆ ಕೈಯನ್ನು ಕಂಡವರೆಷ್ಟು ಎಂದು ನಾನು ಕೇಳುತ್ತಲೇ ಬಂದಿದ್ದೇನೆ.

ಹೊಸಬರು ಬಂದರೆ ಅವರು ಇಕ್ಕಳ ಹಿಡಿಯುತ್ತಿರಲಿಲ್ಲ, ಪ್ರಶ್ನೆ ಹಿಡಿಯುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯೇ, ಎದೆಬೇನೆ ಇದೆಯೇ, ಯಾವ ಗುಳಿಗೆ ನುಂಗುತ್ತೀರಿ, ಇಂಜೆಕ್ಷನ್ ಕೊಟ್ಟಾಗ ಮೈಮೇಲೆ ದದ್ದು ಎದ್ದಿತ್ತೇ? ಉತ್ತರಗಳನ್ನು ದಪ್ಪ ಕಾರ್ಡಿನಲ್ಲಿ ಬರೆದು ರೋಗಿಯ ಕೈಗೇ ಕೊಡುತ್ತಿದ್ದರು. ಯಾರಾದರೂ ರೇಗಿದರೆ, “ಬಾಯಿ ಒಂದ ಬಂದಿಲ್ರಿ, ಅದರ ಹಿಂದ ಇಡೀ ಮನಿಷಾ ಬಂದಾನ” ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ, ಸಿರುಗುಪ್ಪಕ್ಕೆ ಕೊಟ್ಟಿದ್ದ ನನ್ನ ತಂಗಿಗೆ ದವಡೆ ಬಾತಿತ್ತು. ಅವಳ ಮಾವ ಬಸ್ಸಿನಲ್ಲಿ ಕರೆತಂದರು. ನಾನೂ ಜೊತೆಗೆ ಹೋದೆ. ಹೆಣ್ಣುಮಕ್ಕಳನ್ನು ವೈದ್ಯರ ಬಳಿಗೆ ಒಯ್ದರೆ ಬೇನೆ ಅವರದು, ಬಾಯಿ ಹಿರಿಯರದು. ಅದು ನಮ್ಮ ಕಡೆಯ ಪದ್ಧತಿ.

“ಗಾಯಾದ್ರ ರಕ್ತ ಲಗೂನ ನಿಲ್ತೈತೇನವ್ವ?” ಎಂದು ಡಾಕ್ಟರು ತಂಗಿಯನ್ನು ಕೇಳಿದರು.

“ಏನೂ ತೊಂದ್ರಿ ಇಲ್ರಿ, ಗಟ್ಟಿ ಹೆಣ್ಮಗಳು,” ಎಂದರು ಮಾವ. “ಕಿತ್ತು ಕಳಸ್ರಿ, ಬಸ್ಸಿಗೆ ಹೊತ್ತಾಗ್ತೈತಿ.”

“ಯಜಮಾನ್ರ, ನಿಮ್ಮ ಹಲ್ಲು ನೋಯಾಕತ್ತಿದಾಗ ನೀವು ಹೇಳೀರಂತ. ಈಗ ಹೊರಗ ಕುಂದರ್ರಿ.”

“ನಮ್ಮ ಸೊಸಿ ಅದಾಳ್ರಿ ಆಕಿ.”

“ಅದಾಳ್ರಿ. ಹಲ್ಲು ಆಕೀದು.”

ಹೊರಗೆ ಬೆಂಚಿನ ಮೇಲೆ ಮಾವ ನನ್ನತ್ತ ಬಾಗಿ, “ಹಲ್ಲು ಕೀಳಾಕ ಬಂದ್ರ ಜಾತಕ ಕೇಳ್ತಾನಲ್ರಿ ಇಂವ. ಕೈ ನಡುಗತಾವ ಕಾಣ್ತೈತಿ” ಎಂದರು. ಆ ಕಥೆ ಹುಟ್ಟಿದ್ದು ಅಲ್ಲಿ, ನನ್ನ ಕಿವಿಯ ಪಕ್ಕದಲ್ಲಿ.

ಒಳಗೆ ತಂಗಿ ಬಾಯಿಬಿಟ್ಟಿದ್ದಳು; ಆಮೇಲೆ ಅವಳೇ ನನಗೆ ಹೇಳಿದಳು. ಹೆರಿಗೆಯಲ್ಲಿ ರಕ್ತ ನಿಲ್ಲದೆ ಜೀವ ಹೋಗುವಂತಾಗಿತ್ತು. ಮುಟ್ಟಿನಲ್ಲಿಯೂ ಅದೇ ಕಾಟ. ಅದರ ಮೇಲೆ ಹಲ್ಲುನೋವಿಗೆಂದು ಅಂಗಡಿಯ ತಲೆನೋವಿನ ಮಾತ್ರೆಗಳನ್ನು ದಿನವೂ ನುಂಗುತ್ತಿದ್ದಳು. ಮಾವನ ಎದುರು ಹೇಳುವ ಮಾತುಗಳೇ ಇವು? ಆ ಮಾತ್ರೆ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವೆಂದು ಡಾಕ್ಟರು ಅದನ್ನು ಮೊದಲು ನಿಲ್ಲಿಸಿದರು. ಊತಕ್ಕೆ ಔಷಧ ಕೊಟ್ಟು, ಕಾರ್ಡು ಬರೆದು, ದೊಡ್ಡಾಸ್ಪತ್ರೆಗೆ ಕಳುಹಿಸಿದರು. “ಇದನ್ನ ಟ್ರಂಕಿನ್ಯಾಗ ಇಡಬ್ಯಾಡವ್ವ. ಎಲ್ಲಿ ಹಲ್ಲು ತೋರಿಸಿದ್ರೂ ಮೊದಲು ಇದನ್ನ ತೋರಿಸು.”

ಆಸ್ಪತ್ರೆಯಲ್ಲಿ ರಕ್ತದ ಬಾಟಲಿ ಸಿದ್ಧವಿಟ್ಟುಕೊಂಡೇ ಹಲ್ಲು ಕಿತ್ತರು. ಆದರೂ ರಾತ್ರಿಯವರೆಗೆ ರಕ್ತ ಜಿನುಗಿತು. ಡಾಕ್ಟರು ತಮ್ಮ ದವಾಖಾನೆ ಮುಚ್ಚಿ ಬಂದು, ಅವಳ ಗದ್ದ ಹಿಡಿದು, ಹತ್ತಿಯನ್ನು ಒತ್ತಿಕೊಂಡೇ ಕುಳಿತಿದ್ದರು. ಆ ಕೈಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದು ಅಲುಗಲಿಲ್ಲ. ಕೇಳದೆ ಕಿತ್ತು ಅವಳನ್ನು ಬಸ್ಸು ಹತ್ತಿಸಿದ್ದರೆ ದಾರಿಯ ತೆಕ್ಕಲಕೋಟೆ ದಾಟುವುದರೊಳಗೆ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಊರು ಮಾತ್ರ ಮಾವನ ಮಾತನ್ನೇ ನಂಬಿತು. ರೋಗಿಗಳು ಕಡಿಮೆಯಾದರು. ನಾನು ಸಿಟ್ಟಿನಿಂದ ಡಾಕ್ಟರನ್ನು, “ನೀವಾದ್ರೂ ಇದ್ದದ್ದು ಹೇಳಬಾರದೇನ್ರಿ?” ಎಂದು ಕೇಳಿದೆ. “ಆಕಿ ಗುಟ್ಟು ಹೇಳಿ ನನ್ನ ಹೆಸರು ತೊಳಕೊಳ್ಳಲೇನ್ರಿ?” ಎಂದರು. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಎಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಸುದ್ದಿ ತಿಳಿಸಲು ನಾನೇ ಸಿರುಗುಪ್ಪಕ್ಕೆ ಹೋದೆ. ತಂಗಿಯ ಮಾವ ಊಟಕ್ಕೆ ಕುಳಿತಿದ್ದರು. “ಪಾಪ, ಒಳ್ಳೇಂವ,” ಎಂದರು. “ಆದ್ರ ಕೈ ಒಂದು ಗಟ್ಟಿ ಇರಲಿಲ್ಲ ನೋಡ್ರಿ.” ಹಾಗೆಂದು ತಾಟನ್ನು ಮುಂದೆ ಸರಿಸಿದರು. ನನ್ನ ತಂಗಿ ಒಳಗಿನಿಂದ ಬಂದು, ಅದರಲ್ಲಿ ಬಿಸಿ ರೊಟ್ಟಿ ಹಾಕಿ ಹೋದಳು.