ಜೋಕಾಲಿಯ ಕೋಲು

ಕಟ್ಟಿಗೆಯ ಗುಣವನ್ನು ಕಣ್ಣಿನಿಂದಲೇ ಹೇಳುವವನು ದಾಂಡೇಲಿಯಲ್ಲಿ ನಾನೊಬ್ಬನೇ. ಸಾಗವಾನಿ ಮರಗಳು ನನ್ನನ್ನು ಕಂಡರೆ ನೆಟ್ಟಗೆ ನಿಲ್ಲುತ್ತಿದ್ದವು. ಊರಿಗೆ ಸರ್ಕಸ್ ಬಂದಾಗ, ಜೋಕಾಲಿಯಿಂದ ಜೋಕಾಲಿಗೆ ಹಾರುವ ಬಿಜಾಪುರ ಕಡೆಯ ಹೆಣ್ಣುಮಗಳೊಬ್ಬಳು ಹೊಸ ಹಿಡಿಕೋಲು ಬೇಕೆಂದು ನಮ್ಮ ಕಟ್ಟಿಗೆ ಡಿಪೋಕ್ಕೆ ಬಂದಳು. ನಾನು ಥಟ್ಟನೆ ಒಂದನ್ನು ಎತ್ತಿಕೊಟ್ಟೆ.

“ಇದಕ್ಕ ಆನಿ ಜೋತಾಡಿದ್ರೂ ಮುರಿಯಂಗಿಲ್ಲ, ತಂಗಿ.”

ಆಕೆ ಕೋಲನ್ನು ಬೆರಳಿನಿಂದ ಬಡಿದು, ಕಿವಿಗಿಟ್ಟು ಕೇಳಿದಳು. “ಹಂಗಾರ ಮ್ಯಾಲಿನ ತೊಲಿಗೆ ಕಟ್ಟಸ್ರಿ, ಅಣ್ಣಾರ. ಮೊದಲ ನೀವು ಜೋತಾಡ್ರಿ.”

“ನಾ ಯಾಕ?”

“ಮುರದ್ರ ಸಾಯಾಕಿ ನಾನಲ್ಲೇನ್ರಿ? ಕೋಲು ಕೊಟ್ಟವ್ರು ಮೊದಲ ಏರಬೇಕು. ಹಿಂಗ ಮಾಡೇ ಇಷ್ಟು ವರ್ಷ ಬದುಕೇನಿ.”

ತೊಲೆಯ ಎತ್ತರ ನೋಡಿದೆ. ತಕ್ಷಣ ಕೋಲಿನಲ್ಲಿ ಅದುವರೆಗೆ ಕಾಣದ ಗಂಟೊಂದು ಕಂಡಿತು.

“ತಡಿ ತಂಗಿ, ಇನ್ನೊಂದು ನೋಡೂಣು.”

ಸಂಜೆಯವರೆಗೆ ಹುಡುಕಿ, ಸಿಕ್ಕ ಕೋಲಿಗೆ ನಾನೇ ಜೋತುಬಿದ್ದೆ. ಅದು ಮುರಿಯಲಿಲ್ಲ. ನನ್ನ ಕಿರುಚಾಟ ದೂರದ ಹಳಿಯಾಳಕ್ಕೂ ಕೇಳಿಸಿತೆಂದು ಜನ ಆಡಿಕೊಳ್ಳುತ್ತಾರೆ, ಆದರೆ ಅದು ಜಯಘೋಷವಾಗಿತ್ತು.