ಹದಿನೆಂಟಾದ ಮೇಲೆ ಇಪ್ಪತ್ತು

ಬೆಳಗಿನ ಐದೂವರೆ. ಪೋರ್ಟ್‌ಗಾರ್ವಿಯ ಬಂದರಿನಲ್ಲಿ ದೋಣಿಗಳಿಂದ ಇನ್ನೂ ಮೀನು ಇಳಿಯುತ್ತಿದೆ. ಫುಟ್‌ಬಾಲ್ ಮೈದಾನದ ಹಿಂದಿನ ಹಗ್ಗದ ಮೇಲೆ ನೆಟ್ಟಾ ಮೇರ್ ಆಗಲೇ ಅರ್ಧ ತಂಡವನ್ನು ಒಣಹಾಕಿದ್ದಾರೆ. ಕಡುಗೆಂಪು ಜೆರ್ಸಿಗಳು, ಬೆನ್ನ ಮೇಲೆ ಬಿಳಿ ಅಂಕಿ. ಹದಿನಾರು, ಹದಿನೇಳು, ಹದಿನೆಂಟು, ಇಪ್ಪತ್ತು. ಕಡಲ ಗಾಳಿಗೆ ಅಷ್ಟೂ ಜೆರ್ಸಿಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿವೆ.

"ಒಂದು ಕಳೆದುಹೋಗಿದೆ ಅಂದ್ಕೊಂಡ್ರಾ?" ಎಣಿಸುತ್ತ ನಿಂತವರನ್ನು ಅವರು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕೇಳುತ್ತಾರೆ. "ಏನೂ ಕಳೆದಿಲ್ಲ. ನಮ್ಮೂರಲ್ಲಿ ಹದಿನೆಂಟಾದ ಮೇಲೆ ಇಪ್ಪತ್ತು. ಹತ್ತೊಂಬತ್ತನೇ ನಂಬರಿನ ಬಟ್ಟೇನ ನಾನು ಒಗೆಯೋದೂ ಇಲ್ಲ, ಈ ಕ್ಲಬ್ಬಿನವರು ಹೊಲಿಸೋದೂ ಇಲ್ಲ."

ನೆಟ್ಟಾಗೆ ಅರವತ್ತೆಂಟು ವರ್ಷ. ಹದಿನಾರಕ್ಕೆ ಮೀನು ಸೀಳುವ ಶೆಡ್ಡಿಗೆ ಸೇರಿದವರು, ಅಲ್ಲಿ ಬೆರಳು ಮರಗಟ್ಟಿದ ಮೇಲೆ ಪೋರ್ಟ್‌ಗಾರ್ವಿ ರೋವರ್ಸ್ ಕ್ಲಬ್ಬಿನ ಬಟ್ಟೆ ಒಗೆಯಲು ಬಂದರು. ಅದಾಗಿ ಮೂವತ್ತಾರು ವರ್ಷ. ವಾರಕ್ಕೆ ಮೂರು ತಂಡಗಳ ಐವತ್ತನಾಲ್ಕು ಜೆರ್ಸಿ, ಅಷ್ಟೇ ಚಡ್ಡಿ, ನೂರಾ ಎಂಟು ಕಾಲುಚೀಲ. ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಎರಡು ಯಂತ್ರಗಳಿವೆ. ಒಂದು ಒಗೆಯುತ್ತದೆ, ಇನ್ನೊಂದು ಸದ್ದು ಮಾತ್ರ ಮಾಡುತ್ತದೆ.

"ಕೆಸರಿಗೆ ನಾನು ಹೆದರಲ್ಲ. ಕಾಲುಚೀಲಕ್ಕೆ ಹೆದರ್ತೀನಿ. ಒಳಮೈ ಹೊರಗೆ ಮಾಡಿ ಉಂಡೆ ಕಟ್ಟಿ ಎಸೀತಾರೆ ನೋಡಿ, ಅದನ್ನ ಬಿಡಿಸೋದಂದ್ರೆ ಹಾವು ಸುಲಿದ ಹಾಗೆ. ಯಾರು ಉಂಡೆ ಕಟ್ತಾರೋ ಅವರಿಗೆ ಶನಿವಾರ ಒದ್ದೇದೇ ಕೊಡ್ತೀನಿ. ಒದ್ದೆ ಕಾಲಲ್ಲಿ ಓಡಲಿ, ಬುದ್ಧಿ ಬರುತ್ತೆ."

ಇದು ಊರಿಗೆ ಕಾಣುವ ಕೆಲಸ. ಕಾಣದ ಕೆಲಸ ಒಂದಿದೆ. ಇಸ್ತ್ರಿ ಮೇಜಿನ ಮೇಲಿನ ಕಪಾಟಿನಲ್ಲಿ, ಸೋಪಿನ ಪುಡಿಯ ಡಬ್ಬಗಳ ಹಿಂದೆ ಹಸಿರು ರಟ್ಟಿನ ಒಂದು ಉದ್ದನೆಯ ಪುಸ್ತಕವಿದೆ. ೧೯೨೨ರಿಂದ ಈಚೆಗೆ ರೋವರ್ಸ್ ಆಡಿದ ಋತುಗಳ ದಾಖಲೆ ಅದು. ಒಂದು ಋತುವಿಗೆ ಒಂದೇ ಸಾಲು: ಆಡಿದ್ದು, ಗೆದ್ದದ್ದು, ಸಮ ಮಾಡಿದ್ದು, ಸೋತದ್ದು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಅಂಕ, ಸ್ಥಾನ. ಒಟ್ಟು ನೂರಾ ಮೂರು ಸಾಲು. ಅದರಲ್ಲಿ ಆರು ಸಾಲುಗಳಲ್ಲಿ ಅಂಕಿಯೇ ಇಲ್ಲ, 'ಯುದ್ಧ' ಎಂಬ ಪದ ಮಾತ್ರ ಇದೆ.

ನೆಟ್ಟಾರ ತಂದೆ ಆಲೆಕ್ ಮೇರ್ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಎಣಿಸುತ್ತಿದ್ದವರು. ನಲವತ್ತು ವರ್ಷ ಅವರೇ ಈ ಪುಸ್ತಕ ಬರೆದರು, ಅವರ ನಂತರ ನೆಟ್ಟಾ ಬರೆಯುತ್ತಿದ್ದಾರೆ. ಋತುವಿನ ಕೊನೆಯ ಪಂದ್ಯ ಮುಗಿದ ಸೋಮವಾರ ಶಾಯಿಯಲ್ಲಿ ಒಂದು ಸಾಲು, ತಿದ್ದುವಂತಿಲ್ಲ. ಆರಕ್ಕಿಂತ ಹೆಚ್ಚು ಗೋಲಿನ ಸೋಲನ್ನೋ ಗೆಲುವನ್ನೋ ಅಂಚಿನಲ್ಲಿ ಬರೆಯುವುದಿದ್ದರೆ ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆಯಬೇಕು, ಕೈತಪ್ಪು ಎಂದು ಯಾರೂ ಅನುಮಾನಿಸದಿರಲಿ ಎಂದು. "ಪುಸ್ತಕದಲ್ಲಿ ಅಳಬಾರದು, ಕುಣೀಲೂಬಾರದು ಅಂತಿದ್ರು ಅಪ್ಪ" ಎನ್ನುತ್ತಾರೆ ನೆಟ್ಟಾ. ಅಳುವುದಕ್ಕೆ ಕಾರಣಗಳೇನೂ ಕಡಿಮೆ ಇರಲಿಲ್ಲ. ನೂರಾ ಮೂರು ಸಾಲುಗಳಲ್ಲಿ ಸ್ಥಾನದ ಅಂಕಣದಲ್ಲಿ 'ಒಂದು' ಇರುವುದು ಒಂದೇ ಸಾಲಿನಲ್ಲಿ. ನಲವತ್ತೈದನೆಯ ಸಾಲು, ೧೯೬೬-೬೭.

ಆ ವರ್ಷದ ಕಥೆ ಪೋರ್ಟ್‌ಗಾರ್ವಿಯ ಮಕ್ಕಳಿಗೆ ಪ್ರಾರ್ಥನೆಗಿಂತ ಮೊದಲು ಬಾಯಿಪಾಠವಾಗುತ್ತದೆ. ಕೊನೆಯ ಪಂದ್ಯ, ಹನ್ನೆರಡು ಮೈಲಿ ದೂರದ ಹಗೆಯ ಊರು ಕರ್ಕ್‌ಲೂನನ್‌ನಲ್ಲಿ. ಸಮ ಮಾಡಿಕೊಂಡರೆ ರೋವರ್ಸ್ ಲೀಗ್ ಗೆಲ್ಲುತ್ತದೆ, ಸೋತರೆ ಕರ್ಕ್‌ಲೂನನ್. ಕಡಲ ಮೇಲಿಂದ ಮಂಜು ನುಗ್ಗಿತ್ತು; ಈ ಕರಾವಳಿಯವರು 'ಹಾರ್' ಎನ್ನುವ ಮಂಜು, ಬಂತೆಂದರೆ ನಮ್ಮ ಕೈ ನಮಗೇ ಕಾಣದು. ಇನ್ನೇನು ಆಟ ಮುಗಿಯಬೇಕು, ಕರ್ಕ್‌ಲೂನನ್ನಿನವನು ಹೊಡೆದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು ನೇರ ಕೆಳಕ್ಕೆ ಬಿತ್ತು. ಗೆರೆಯ ಆಚೆಯೋ ಈಚೆಯೋ ದೇವರಿಗೇ ಗೊತ್ತು. ರೋವರ್ಸ್ ಗೋಲ್‌ಕೀಪರ್ ಡಾಡ್ ವೈಸ್‌ಮನ್ ಅದನ್ನು ಎದೆಗವಚಿಕೊಂಡು ಎದ್ದ. ಮಂಜಿನಲ್ಲಿ ರೆಫರಿಗೆ ಕಂಡದ್ದು ಎದ್ದು ನಿಂತ ಡಾಡ್ ಮಾತ್ರ. ಪಂದ್ಯ ಸೊನ್ನೆ-ಸೊನ್ನೆ. ಆ ಋತುವಿನಲ್ಲಿ ಡಾಡ್ ಬಿಟ್ಟುಕೊಟ್ಟ ಗೋಲು ಒಟ್ಟು ಹದಿನೆಂಟು.

"ಹತ್ತೊಂಬತ್ತು!" ಎಂದು ಕರ್ಕ್‌ಲೂನನ್ನಿನವರು ಅಂದಿನಿಂದ ಕೂಗುತ್ತಲೇ ಇದ್ದಾರೆ. ಐವತ್ತೆಂಟು ವರ್ಷಗಳಿಂದ, ಪ್ರತಿ ಪಂದ್ಯದಲ್ಲಿ, ಅಪ್ಪ ಕೂಗಿದ್ದನ್ನು ಮಗ ಕೂಗುತ್ತಾನೆ. ಅದಕ್ಕೇ ಪೋರ್ಟ್‌ಗಾರ್ವಿಯಲ್ಲಿ ಆ ಅಂಕಿಗೆ ಬಹಿಷ್ಕಾರ.

ಗೆದ್ದ ತಂಡ ಮುಂದಿನ ಋತುವಿನ ಮೊದಲ ತವರು ಪಂದ್ಯದಂದು ಲೀಗಿನ ಬಾವುಟ ಏರಿಸುವುದು ಈ ದೇಶದ ಪದ್ಧತಿ. ೧೯೬೭ರ ಆಗಸ್ಟಿನಲ್ಲಿ ಊರೆಲ್ಲ ಸೇರಿತ್ತು, ಹತ್ತು ವರ್ಷದ ನೆಟ್ಟಾ ಅಪ್ಪನ ಹೆಗಲೇರಿದ್ದಳು. ಡಾಡ್ ಹಗ್ಗ ಎಳೆಯುವ ಹೊತ್ತಿಗೆ ಸರಿಯಾಗಿ ಮಂಜು ಬಂತು. ಹೆಸರೇನೋ ಹಾರ್, ಬಾವುಟ ಹಾರಿದ್ದು ಮಾತ್ರ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಅದೇ ವಾರದ ಬಿರುಗಾಳಿ ಬಾವುಟವನ್ನು ಚಿಂದಿ ಮಾಡಿ ಕಡಲಿಗೆ ಹಾಕಿತು. ಕೊಟ್ಟದ್ದೂ ಮಂಜೇ, ಕಿತ್ತುಕೊಂಡದ್ದೂ ಮಂಜೇ.

ಈ ವರ್ಷ ಕ್ಲಬ್ಬಿನ ಅಧ್ಯಕ್ಷ ಗ್ರೆಗರ್ ಲೋರಿಮರ್‌ಗೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಡಾಡ್‌ಗೆ ಎಂಬತ್ತಮೂರು. ಅವರ ಕೈಯಿಂದಲೇ ಇನ್ನೊಮ್ಮೆ ಬಾವುಟ ಏರಿಸೋಣ ಎಂದು ಹೊಸದೊಂದನ್ನು ಹೊಲಿಸಿದರು. ಅಷ್ಟರಲ್ಲಿ ಜೂನ್ ತಿಂಗಳಿಗೆ ಲೀಗಿನವರ ಹೊಸ ದಾಖಲೆ ಪುಸ್ತಕ ಬಂತು. ೧೯೬೬-೬೭: ಒಂದನೆಯ ಸ್ಥಾನ, ಕರ್ಕ್‌ಲೂನನ್ ಯುನೈಟೆಡ್. ಎರಡನೆಯ ಸ್ಥಾನ, ಪೋರ್ಟ್‌ಗಾರ್ವಿ ರೋವರ್ಸ್.

ಊರು ಬಾಯಿ ಬಾಯಿ ಬಡಿದುಕೊಂಡಿತು. ನೆಟ್ಟಾ ಬಡಿದುಕೊಳ್ಳಲಿಲ್ಲ. ಯಂತ್ರಕ್ಕೆ ಬಟ್ಟೆ ತುಂಬಿ, ಪೆನ್ಸಿಲ್ ಹಿಡಿದು ಕುಳಿತರು. ಎರಡೂ ತಂಡಗಳಿಗೆ ಅಂಕ ನಲವತ್ತೊಂದು, ಸಮ ಸಮ. ರೋವರ್ಸ್ ಹೊಡೆದದ್ದು ಐವತ್ತನಾಲ್ಕು, ಬಿಟ್ಟದ್ದು ಹದಿನೆಂಟು. ಕರ್ಕ್‌ಲೂನನ್ ಹೊಡೆದದ್ದು ಎಂಬತ್ತೇಳು, ಬಿಟ್ಟದ್ದು ಮೂವತ್ತು. ಬಟ್ಟೆ ಹಿಂಡುವಷ್ಟರಲ್ಲಿ ತಪ್ಪು ಸಿಕ್ಕಿತು.

"ಈಗಿನವರು ಕಳೀತಾರೆ, ಆಗಿನವರು ಭಾಗಿಸ್ತಿದ್ರು" ಎನ್ನುತ್ತಾರೆ. "ಅಂಕ ಸಮ ಆದ್ರೆ ಈಗ ಹೊಡೆದದ್ದರಲ್ಲಿ ಬಿಟ್ಟದ್ದನ್ನ ಕಳೆಯೋದು. ಹಾಗೆ ಮಾಡಿದ್ರೆ ಅವರದು ಐವತ್ತೇಳು, ನಮ್ಮದು ಮೂವತ್ತಾರು. ಆಗ ಇದ್ದದ್ದು ಸರಾಸರಿ. ಹೊಡೆದದ್ದನ್ನ ಬಿಟ್ಟದ್ದರಿಂದ ಭಾಗಿಸಬೇಕು. ನಮ್ಮದು ಸರಿಯಾಗಿ ಮೂರು. ಅವರದು ಎರಡು ಪಾಯಿಂಟ್ ಒಂಬತ್ತು. ಕಂಪ್ಯೂಟರಿಗೆ ಹಳೇ ಲೆಕ್ಕ ಹಾಕಿ ಹೊಸ ನಿಯಮದಲ್ಲಿ ಕೂಡಿಸಿಬಿಟ್ಟಿದಾರೆ. ಡಾಡ್ ಮೈಮೂಳೆ ಮುರ್ಕೊಂಡು ತಡೆದದ್ದೆಲ್ಲ ನೀರಿಗೆ ಹಾಕಿದ ಹಾಗಾಯ್ತು."

ಲೀಗಿನ ಕಚೇರಿಯಿಂದ ಬಂದ ಉತ್ತರ ವಿನಯವಾಗಿತ್ತು, ಗಟ್ಟಿಯಾಗಿಯೂ ಇತ್ತು. ಹಳೆಯ ಕಪ್ ಎಂದೋ ಕಳುವಾಗಿದೆ, ಹಳೆಯ ಕಾಗದಗಳು ನೀರು ನುಗ್ಗಿ ಮುದ್ದೆಯಾಗಿವೆ. ಕ್ಲಬ್ಬು ತಾನೇ ಬರೆದಿಟ್ಟುಕೊಂಡ ಪುಸ್ತಕ ಸಾಕ್ಷಿಯಾಗದು. ದಾಖಲೆಯಲ್ಲಿಲ್ಲದ ಗೆಲುವಿಗೆ ಲೀಗಿನ ಪಂದ್ಯದಲ್ಲಿ ಬಾವುಟ ಏರಿಸುವಂತಿಲ್ಲ. ಮೊದಲ ಪಂದ್ಯಕ್ಕೆ ಉಳಿದದ್ದು ಐದು ವಾರ.

ಸುದ್ದಿ ಕೇಳಿದ ಡಾಡ್, "ಬಿಡೇ ನೆಟ್ಟಾ, ಆಗಲೂ ಕಾಣಲಿಲ್ಲ, ಈಗಲೂ ಕಾಣಲ್ಲ" ಎಂದು ಟೋಪಿ ಹಾಕಿಕೊಂಡು ಬಂದರಿನ ಕಡೆ ನಡೆದರಂತೆ. ಆ ಮಾತು ನೆಟ್ಟಾರನ್ನು ಚುಚ್ಚಿತು. ಇಸ್ತ್ರಿ ಮೇಜಿನ ಗಿಡ್ಡ ಕಾಲಿನ ಕೆಳಗೆ ಮೂವತ್ತು ವರ್ಷಗಳಿಂದ ಮಡಿಸಿಟ್ಟಿದ್ದ ಕಾಗದದ ಕಟ್ಟು ಏನೆಂದು ಅವರಿಗೆ ಥಟ್ಟನೆ ನೆನಪಾಯಿತು. ಎಳೆದು ನೋಡಿದರೆ, ಲೀಗಿನ ಹಳೆಯ ನಿಯಮಗಳ ಕಿರುಹೊತ್ತಿಗೆ! 'ಅಂಕ ಸಮವಾದಲ್ಲಿ ಭಾಗಿಸತಕ್ಕದ್ದು' ಎಂದು ಅಚ್ಚಾಗಿದೆ. ಆದರೆ ಇಸವಿಯಿದ್ದ ಹೊದಿಕೆಯನ್ನು ಇಲಿ ತಿಂದಿತ್ತು. ಮೇಜು ಅಂದಿನಿಂದ ಕುಂಟುತ್ತಿದೆ, ಕೆಲಸ ಮಾತ್ರ ಅರ್ಧಕ್ಕೇ ನಿಂತಿತು.

ಇನ್ನೊಂದೇ ಪುಸ್ತಕವಿತ್ತು. ಅದಿದ್ದದ್ದು ಕರ್ಕ್‌ಲೂನನ್‌ನಲ್ಲಿ, ನಿವೃತ್ತ ಅಂಚೆಯವ ವಾಟಿ ಗೋಲ್ಡ್ ಅವರ ಮನೆಯಲ್ಲಿ. ಆ ಕ್ಲಬ್ಬಿನ ಋತುಗಳನ್ನು ಅವರ ಅಪ್ಪ ಬರೆದರು, ಈಗ ಅವರು ಬರೆಯುತ್ತಾರೆ. ನೆಟ್ಟಾ ಬಸ್ಸು ಹತ್ತಿದರು. ಜನ್ಮದಲ್ಲಿ ಆ ಊರಿಗೆ ಪಂದ್ಯವಿಲ್ಲದ ದಿನ ಹೋದದ್ದು ಅದೇ ಮೊದಲು.

"ಏನಮ್ಮಾ ಪೋರ್ಟ್‌ಗಾರ್ವಿ, ದಾರಿ ತಪ್ಪಿತಾ?" ಬಾಗಿಲಲ್ಲೇ ಕೊಂಕು.

"ದಾರಿ ತಪ್ಪಿಲ್ಲ ಕಣಯ್ಯಾ, ಲೆಕ್ಕ ತಪ್ಪಿದೆ. ಅರವತ್ತೇಳರ ಸಾಲು ತೋರ್ಸು."

"ಅದು ನಮಗೇ ಲಾಭದ ತಪ್ಪು. ನಾನ್ಯಾಕೆ ತೋರ್ಸ್ಲಿ?"

"ತೋರ್ಸ್ಬೇಡ. ಬಾಯಲ್ಲಿ ಹೇಳು ಸಾಕು. ನಿಮ್ಮಪ್ಪ ಏನು ಬರೆದಿದಾರೆ?"

ವಾಟಿ ಬಾಗಿಲು ಪೂರ್ತಿ ತೆರೆದು ಅವರನ್ನು ಕೂರಿಸಿದರು. ಆಮೇಲೆ ಒಳಗೆ ಹೋಗಿ, ಚಹಾ ತಂದಿಟ್ಟು, ಕಪ್ಪು ರಟ್ಟಿನ ಪುಸ್ತಕ ಬಿಡಿಸಿದರು. ಅಂದವಾದ ಅಕ್ಷರದಲ್ಲಿ ಹೀಗಿತ್ತು: 'ಎರಡನೆಯ ಸ್ಥಾನ. ಸರಾಸರಿ ೨.೯೦. ಅವರದು ೩.೦೦.' ಪಕ್ಕದ ಅಂಚಿನಲ್ಲಿ ಶಾಯಿಯ ಒಂದು ದೊಡ್ಡ ಮಚ್ಚೆ. ಆ ಸಾಲು ಬರೆಯುವಾಗ ಲೇಖನಿಯನ್ನು ಯಾರೋ ಕುಕ್ಕಿದ್ದರು.

"ನಮ್ಮಪ್ಪ ಆ ವಾರವೆಲ್ಲ ಮನೇಲಿ ಯಾರ ಜೊತೆಗೂ ಮಾತಾಡ್ಲಿಲ್ಲ" ಎಂದರು ವಾಟಿ. "ಆದ್ರೂ ಎರಡು ಅಂತಲೇ ಬರೆದ. ನಾನು ಅದನ್ನ ಒಂದು ಮಾಡಿದ್ರೆ ಅವನು ಗೋರಿಯಿಂದ ಎದ್ದು ಬಂದು ಬಾರಿಸ್ತಾನೆ. ಪ್ರತಿ ಮಾಡಿಸಿ ಸಹಿ ಹಾಕಿ ಕೊಡ್ತೀನಿ, ತಗೊಂಡು ಹೋಗು. ಆದ್ರೆ ಒಂದು ತಿಳ್ಕೋ. ಹತ್ತೊಂಬತ್ತು ಅನ್ನೋದನ್ನ ನಾವು ಬಿಡಲ್ಲ."

"ಬಿಡಬೇಡಿ. ಬಿಟ್ರೆ ಆಟ ನೋಡೋಕೆ ನನಗೇ ಬೇಜಾರು."

ಬಸ್ಸಿನಲ್ಲಿ ನೆಟ್ಟಾ ಕಾಗದವನ್ನು ಎದೆಗವಚಿಕೊಂಡೇ ಕುಳಿತರು. ಸೋತವರ ಪುಸ್ತಕದಲ್ಲಿ ಸೋಲು ಅಷ್ಟು ನೆಟ್ಟಗೆ ಬರೆದಿತ್ತು. ಒಂಬತ್ತು ದಿನಗಳಲ್ಲಿ ಲೀಗಿನ ಪತ್ರ ಬಂತು. ತಪ್ಪಾಗಿದೆ, ತಿದ್ದಿದ್ದೇವೆ, ಬಾವುಟ ಏರಿಸಿ. ಮೊದಲ ಪಂದ್ಯಕ್ಕೆ ಬರುವ ಎದುರಾಳಿ ಯಾರೆಂದು ಬೇರೆ ಹೇಳಬೇಕೇ? ಕರ್ಕ್‌ಲೂನನ್ ಯುನೈಟೆಡ್.

ಆ ಶನಿವಾರ ಬೆಳಗ್ಗೆ ನೆಟ್ಟಾ ನಾಲ್ಕಕ್ಕೇ ಬಂದು, ಕುಂಟುವ ಮೇಜಿನ ಮೇಲೆ ಬಾವುಟಕ್ಕೆ ಇಸ್ತ್ರಿ ಹಾಕಿದರು. ಹತ್ತು ಗಂಟೆಗೆ ಕಡಲಿನಾಚೆ ಬೂದು ಬಣ್ಣದ ಗೋಡೆಯೊಂದು ಎದ್ದಾಗ ಊರಿನ ಜೀವವೇ ಬಾಯಿಗೆ ಬಂತು. ಮಧ್ಯಾಹ್ನಕ್ಕೆ ಗಾಳಿ ತಿರುಗಿತು. ಮಂಜು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಯಿತು. ಮುನ್ನೂರು ಜನ ಬಂದರೆ ಹೆಚ್ಚು ಎನ್ನುವ ಮೈದಾನದಲ್ಲಿ ಅಂದು ಸಾವಿರದ ನೂರಾ ನಲವತ್ತು ಜನ. ಡಾಡ್ ಎರಡೂ ಕೈಯಲ್ಲಿ ಹಗ್ಗ ಎಳೆದರು, ಒಂದು ಸಲ ನಿಂತು ಉಸಿರು ತಗೊಂಡರು, ಮತ್ತೆ ಎಳೆದರು. ಬಾವುಟ ತುದಿ ಮುಟ್ಟಿ ಪಟಪಟನೆ ಬಿಚ್ಚಿಕೊಂಡಿತು. ನೀಲಿ ಆಕಾಶ, ಕೆಂಪು ಬಾವುಟ, ಅದರ ಮೇಲೆ ೧೯೬೬-೬೭. ಕರ್ಕ್‌ಲೂನನ್ನಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಚಪ್ಪಾಳೆ ಮುಗಿದ ಮರುಕ್ಷಣವೇ "ಹತ್ತೊಂಬತ್ತು!" ಎಂದು ಕೂಗಿದರು. ಪಂದ್ಯವನ್ನು ರೋವರ್ಸ್ ಎರಡು-ಒಂದರಿಂದ ಗೆದ್ದಿತು.

ಸಂಭ್ರಮದಲ್ಲಿ ಅಧ್ಯಕ್ಷ ಲೋರಿಮರ್ ಬಟ್ಟೆ ಒಗೆಯುವ ಕೋಣೆಗೇ ಬಂದು, ಗ್ಯಾಲರಿಗೆ ನೆಟ್ಟಾ ಅವರ ಹೆಸರಿಡುವ ಮಾತೆತ್ತಿದರು. "ಹೆಸರು ಬೇಡಪ್ಪ, ಮಳೆಗೆ ಬಣ್ಣ ಹೋಗುತ್ತೆ" ಎಂದರು ನೆಟ್ಟಾ. "ಕಾಲುಚೀಲ ಸರಿಯಾಗಿ ಬಿಚ್ಚೋಕೆ ಹೇಳು ಅವರಿಗೆ. ಅಷ್ಟು ಮಾಡಿಸು ಸಾಕು."

ಅಲ್ಲಿಗೆ ವಾಟಿಯೂ ಬಂದು, ಆಗಲೇ ಬೆಂಚಿನಲ್ಲಿದ್ದ ಡಾಡ್ ಪಕ್ಕ ಕುಳಿತರು. ಬಿಸಿ ಮಾಂಸದ ಪೈಗಳ ತಟ್ಟೆ ಬಂತು. ವಾಟಿ ಮುದುಕನ ಮೊಣಕಾಲು ತಟ್ಟಿದರು.

"ಡಾಡ್, ಬಾವುಟ ಆಯ್ತು, ಕಪ್ಪಿಲ್ಲ, ಇನ್ನು ಯಾರೂ ಏನೂ ಕಿತ್ಕೊಳ್ಳಲ್ಲ. ಈಗಲಾದ್ರೂ ಹೇಳಿಬಿಡಿ. ಆ ಚೆಂಡು ಗೆರೆ ದಾಟಿತ್ತಾ, ಇಲ್ವಾ?"

ಸದ್ದು ಮಾಡುವ ಯಂತ್ರ ಸರಿಯಾಗಿ ಅದೇ ಹೊತ್ತಿಗೆ ನಿಂತಿತು. ಐವತ್ತೆಂಟು ವರ್ಷ ಬಾಯಿ ಬಿಡದ ಡಾಡ್ ಕಿಟಕಿಯಾಚೆ ಹಾರುತ್ತಿದ್ದ ಬಾವುಟ ನೋಡಿದರು, ಕಣ್ಣು ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು.

"ನಿಜ ಹೇಳ್ಬೇಕು ಅಂದ್ರೆ ವಾಟಿ..."

ನೆಟ್ಟಾ ಅಷ್ಟರಲ್ಲೇ ತಟ್ಟೆಯಿಂದ ದೊಡ್ಡದೊಂದು ಪೈ ಎತ್ತಿ ಅವರ ಬಾಯಿಗೆ ಹಿಡಿದರು.

"ಮೊದಲು ತಿನ್ನಿ ಡಾಡ್, ಆರಿಹೋಗುತ್ತೆ." ಆಮೇಲೆ ವಾಟಿಯ ಕಡೆ ತಿರುಗಿ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹೇಳಿದರು: "ಹದಿನೆಂಟು. ಶಾಯೀಲಿ ಬರ್ದಿದೆ."