ಕೋಲು ಹಿಡಿದ ಥರ್ಲೋ

ಕೇಂಬ್ರಿಜ್‌ನ ಕ್ಯಾಮ್ ನದಿಯ ಮೇಲೆ ಇನ್ನೂ ಮಂಜು ಕರಗಿಲ್ಲ. ಸೇಂಟ್ ಆಸ್ವಿನ್ಸ್ ಕಾಲೇಜಿನ ದೋಣಿಮನೆಯಲ್ಲಿ ಅಲ್ಲಿನ ದೋಣಿಗಳನ್ನು ನೋಡಿಕೊಳ್ಳುವ ಕೆಲಸದ ಏಮಸ್ ಥರ್ಲೋ ಮಂಡಿಯೂರಿ ಕೂತು, ಉದ್ದನೆಯ ರೇಸು ದೋಣಿಯ ತಳವನ್ನು ಎಣ್ಣೆಬಟ್ಟೆಯಿಂದ ಉಜ್ಜುತ್ತಿದ್ದಾರೆ. ಹುಟ್ಟು ಹಾಕಬೇಕಾದ ಎಂಟು ಮಂದಿ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ಇವತ್ತು ಮೇ ರೇಸಿನ ಮೊದಲ ದಿನ. ಅದು ನಡೆಯುವುದು ಜೂನ್ ತಿಂಗಳಲ್ಲಿ. ಯಾಕೆ ಹೀಗೆ ಎಂದು ಈ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ.

ನದಿ ಕಿರಿದು, ದೋಣಿಗಳು ಅಕ್ಕಪಕ್ಕ ಓಡಲಾರವು. ಒಂದರ ಹಿಂದೆ ಒಂದು ನಿಂತು, ತೋಪು ಹಾರಿದ ಕೂಡಲೇ ಹಿಂದಿನದು ಮುಂದಿನದನ್ನು ಅಟ್ಟಿಸಿಕೊಂಡು ಹೋಗಿ ಮೂತಿ ತಾಗಿಸಿದರೆ ಗೆದ್ದಂತೆ. ತೋಪು ಹಾರುವ ತನಕ ದೋಣಿ ದಡಕ್ಕೆ ಬಡಿಯದಂತೆ ಒಬ್ಬ ದಡದಲ್ಲಿ ನಿಂತು ಉದ್ದನೆಯ ಕೋಲಿನಿಂದ ಅದನ್ನು ಒತ್ತಿ ಹಿಡಿದಿರಬೇಕು. ಮದುವೆಯಾದ ವರ್ಷದಿಂದಲೂ ಆ ಕೋಲು ಥರ್ಲೋ ಅವರದೇ. "ನನಗಿಂತ ಆ ಕೋಲಿನ ಮೇಲೇ ಇವರಿಗೆ ಜಾಸ್ತಿ ಪ್ರೀತಿ," ಎಂದು ಹೆಂಡತಿ ಹೆಸ್ಟರ್ ಚುಚ್ಚುತ್ತಾರೆ.

ಕಳೆದ ವರ್ಷ ಎಡವಟ್ಟಾಯಿತು. ಅಡ್ಡಗಾಳಿಗೆ ಹೆದರಿ ಥರ್ಲೋ ತೋಪಿಗೆ ಮೊದಲೇ ಜೋರಾಗಿ ದೂಡಿದರು. ದೋಣಿ ವಾಲಿ ತಿರುಗಿತು, ಹಿಂದಿನವರು ಬಂದು ತಾಗಿಸಿಯೇಬಿಟ್ಟರು. "ತಪ್ಪು ನಂದೇ. ಕೈ ಅವಸರ ಮಾಡ್ತು," ಎನ್ನುತ್ತಾರೆ ಅವರು. ಈ ಸಲ ಕೋಲು ಬೇರೆಯವರಿಗೆ ಕೊಡೋಣ ಎಂದು ಹುಡುಗರು ಹಟ ಹಿಡಿದಿದ್ದರು. ತಂಡದ ನಾಯಕ ಪೆಲ್‌ಹ್ಯಾಮ್ ಮೊದಲ ದಿನ ಮಾತ್ರ ಥರ್ಲೋಗೇ ಇರಲಿ, ಅವತ್ತೂ ಕೆಟ್ಟರೆ ಮುಂದೆ ಕೋಲು ಮುಟ್ಟುವಂತಿಲ್ಲ ಎಂದು ತೀರ್ಮಾನಿಸಿದ್ದಾನೆ.

ಸಂಜೆ ಮತ್ತೆ ಅದೇ ಹಾಳು ಗಾಳಿ. ದೋಣಿಯಲ್ಲಿ ಕೂತ ಪೆಲ್‌ಹ್ಯಾಮ್‌ನ ಮುಖ ಬಿಳಿಚಿಕೊಂಡಿದೆ.

"ಥರ್ಲೋ, ಗಾಳಿ ನೋಡ್ಕೋ."

"ನೀವು ಹುಟ್ಟು ನೋಡ್ಕೊಳ್ಳಿ ಸಾರ್. ಗಾಳಿ ನನಗಿರ್ಲಿ."

ದೋಣಿ ದಡದತ್ತ ಸರಿಯುತ್ತದೆ. ದೂಡು ಎಂದು ಯಾರೋ ಹಿಂದಿನಿಂದ ಕೂಗುತ್ತಾರೆ. ಥರ್ಲೋ ಕಿವಿಗೆ ಹಾಕಿಕೊಳ್ಳುವುದಿಲ್ಲ. ತೋಪು ಇನ್ನೇನು ಹಾರಬೇಕು ಎನ್ನುವಾಗ ಮೆಲ್ಲಗೆ ಒಂದೇ ಒಂದು ಒತ್ತು ಕೊಡುತ್ತಾರೆ. ತೋಪು ಹಾರುತ್ತದೆ, ದೋಣಿ ಬಾಣದಂತೆ ನೆಟ್ಟಗೆ ಹೊರಡುತ್ತದೆ.

ಜನವೆಲ್ಲ ದೋಣಿಗಳ ಜೊತೆ ದಡದುದ್ದಕ್ಕೂ ಓಡುತ್ತಾರೆ. ಹಿಂದೆ ಉಳಿಯುವುದು ಕೋಲು ಹಿಡಿದವರು ಮಾತ್ರ. ಇಷ್ಟು ವರ್ಷಗಳಲ್ಲಿ ತಮ್ಮ ದೋಣಿ ಇನ್ನೊಂದನ್ನು ತಾಗುವುದನ್ನು ಥರ್ಲೋ ಒಮ್ಮೆಯೂ ಕಂಡವರಲ್ಲ. ಕೋಲನ್ನು ಹೆಗಲಿಗೇರಿಸಿ ಅವರು ದೋಣಿಗಳು ಹೋದ ದಾರಿಯಲ್ಲೇ ಊರಿನ ಕಡೆ ನಡೆಯುತ್ತಾರೆ.

ನದಿಯ ತಿರುವು ದಾಟಿದರೆ ಅವರ ದೋಣಿ ದಡದಲ್ಲಿ ನಿಂತಿದೆ. ಹುಡುಗರ ಟೋಪಿಗಳಲ್ಲಿ ವಿಲ್ಲೋ ಮರದ ಹಸಿರು ಟೊಂಗೆಗಳು. ಗೆದ್ದವರು ಮಾತ್ರ ಅದನ್ನು ಸಿಕ್ಕಿಸಿಕೊಳ್ಳುವುದು. ಥರ್ಲೋ ಅಲ್ಲೇ ನಿಂತು ಜೋರಾಗಿ ನಗುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತದೆ. ಅಷ್ಟೂ ಮಂದಿ ಅವರನ್ನು ಸುತ್ತುವರಿಯುತ್ತಾರೆ. ಪೆಲ್‌ಹ್ಯಾಮ್ ತನ್ನ ಟೊಂಗೆಯನ್ನೇ ಕಿತ್ತು ಅವರ ಹಳೇ ಟೋಪಿಗೆ ಸಿಕ್ಕಿಸುತ್ತಾನೆ.

"ನಾಳೆ ನೀನು ಈ ತಿರುವಲ್ಲಿ ನಿಂತು ಕಣ್ಣಾರೆ ನೋಡು ಥರ್ಲೋ. ಒಂದಿನ ಕೋಲು ಬೇರೆ ಯಾರಾದ್ರೂ ಹಿಡೀಲಿ."

ಥರ್ಲೋ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ.

"ನೋಡೋಕೆ ಊರೆಲ್ಲ ಇದೆ ಸಾರ್. ಕೋಲು ಹಿಡಿಯೋಕೆ ನಾನಿದೀನಿ."